ಡೈವಿಂಗ್ ಹುಚ್ಚು ಹಿಡಿದವರು ಹೇಳಿ: ಅದೇ ಕಲ್ಲಿಗೆ ಮತ್ತೆ ಮತ್ತೆ ಯಾಕೆ ಹೋಗ್ತೀರಿ?

ಮಣ್ಣಗುಡ್ಡೆ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮಂಗಳೂರಲ್ಲೇ ಕೆಲಸದಲ್ಲಿದ್ದಾಳೆ. ಒಮ್ಮೆ ಆಫೀಸಿನವರ ಜೊತೆ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡಿ ಬಂದಳು. ಒಂದು ಆಸೆ ಇತ್ತು, ತೀರಿತು ಅಂದುಕೊಂಡೆ. ಈಗ ನೋಡಿದರೆ ಮಳೆಗಾಲ ಯಾವಾಗ ಮುಗಿಯುತ್ತದೆ ಅಂತ ಕಾಯುತ್ತಾ ಕೂತಿರುತ್ತಾಳೆ. ಕೋರ್ಸ್ ಮಾಡಿ ಸರ್ಟಿಫಿಕೇಟ್ ತಗೊಂಡಳು. ಎರಡು ದಿನ ರಜೆ ಸಿಕ್ಕಿದರೆ ನೇತ್ರಾಣಿ, ಜಾಸ್ತಿ ಸಿಕ್ಕಿದರೆ ಅಂಡಮಾನ್. ದೀಪಾವಳಿ ಬೋನಸ್ಸಿನಲ್ಲಿ ಬಳೆ ಮಾಡಿಸಿಕೋ ಅಂದೆ. ಕೈಗೆ ಕಟ್ಟುವ ಡೈವ್ ಕಂಪ್ಯೂಟರ್ ತಂದಳು.

ನಾನು ಬೈಯಲಿಕ್ಕೆ ಬರೆಯುತ್ತಿಲ್ಲ. ಅವಳ ಖುಷಿ ನನಗೆ ಕಾಣುತ್ತದೆ. ಅದು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುವುದಿಲ್ಲ, ಅಷ್ಟೇ. ಕೇಳಿದರೆ "ಹೇಳಿದರೆ ಅರ್ಥ ಆಗುವುದಿಲ್ಲ ಅಮ್ಮ" ಅನ್ನುತ್ತಾಳೆ. ಮೀನು ನೋಡಲಿಕ್ಕೆ ಅಂತಾದರೆ ಒಂದು ಸಲ ನೋಡಿ ಆಯಿತಲ್ಲ? ಅದೇ ದ್ವೀಪ, ಅದೇ ಕಲ್ಲು. ಮತ್ತೆ ಮತ್ತೆ ಅಲ್ಲಿಗೇ ಯಾಕೆ? ಭಯವೂ ಉಂಟು ನನಗೆ. ಗೊತ್ತಿದ್ದವರು ಬಿಡಿಸಿ ಹೇಳಿ.

ಪಡುಕೆರೆ_ತಮ್ಮ

ಅಮ್ಮ, ನಾನು ಮಲ್ಪೆ ಪಡುಕೆರೆಯವನು. ಅಪ್ಪ ಟ್ರಾಲ್ ಬೋಟಿನಲ್ಲಿ ತಂಡೇಲ, ಅಂದರೆ ಬೋಟ್ ನಡೆಸುವವರು ಆಗಿದ್ದರು. ನೀರಿಗೆ ಧುಮುಕುವುದು ನಮ್ಮ ಮನೆಗೆ ಹೊಸ ಸಂಗತಿ ಏನಲ್ಲ. ಬೋಟಿನ ಅಡಿಯಲ್ಲಿ ತಿರುಗುವ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಯಾರಾದರೂ ಒಬ್ಬರು ಚೂರಿ ಹಿಡಿದು ಕೆಳಗೆ ಹೋಗಲೇಬೇಕು. ಉಸಿರು ಕಟ್ಟಿ, ಕೈಯಲ್ಲೇ ತಡವಿ, ಸಿಕ್ಕಿದಷ್ಟು ಕತ್ತರಿಸಿ ಮೇಲೆ ಬರಬೇಕು. ಮತ್ತೆ ಹೋಗಬೇಕು. ಅಪ್ಪನಿಗೆ ನೀರಡಿ ಅಂದರೆ ಅಷ್ಟೇ: ಕತ್ತಲೆ, ಉಪ್ಪು, ಬಾಯಲ್ಲಿ ಡೀಸೆಲ್ ರುಚಿ.

ನಾನು ಹುಟ್ಟಿದಾಗಿನಿಂದ ಮೀನು ನೋಡಿದ್ದು ಬಂದರಿನಲ್ಲಿ, ಐಸ್ ಹಾಕಿದ ಬಾಕ್ಸಿನಲ್ಲಿ. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಮುರು. ಯಾವುದಕ್ಕೆ ಎಷ್ಟು ರೇಟು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ನೇತ್ರಾಣಿಯಲ್ಲಿ ಮೊದಲ ಸಲ ಕೆಳಗೆ ಹೋದಾಗ ಕಲ್ಲಿನ ಸಂದಿಯಲ್ಲಿ ಒಂದು ಮುರು ಮೀನು ಕೂತಿತ್ತು. ನಾನು ಹತ್ತಿರ ಹೋದ ಹಾಗೆ ಅದರ ಮೈಮೇಲಿನ ಪಟ್ಟೆ ಗಾಢ ಆಯಿತು. ಹಿಂದೆ ಸರಿದೆ, ಬಣ್ಣ ತಿಳಿ ಆಯಿತು. ಅದು ನನ್ನನ್ನೇ ನೋಡುತ್ತಿತ್ತು. ಕಣ್ಣು ತಿರುಗಿಸಿ ತಿರುಗಿಸಿ ನೋಡುತ್ತಿತ್ತು. ಬಾಕ್ಸಿನಲ್ಲಿ ಬಿದ್ದ ಮುರುವಿನ ಕಣ್ಣು ತಿರುಗುವುದಿಲ್ಲ ಅಲ್ವಾ? ಆ ಜೀವಿ ಬಗ್ಗೆ ನನಗೆ ರೇಟು ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ ಅಂತ ಅಲ್ಲೇ ಅನ್ನಿಸಿತು.

ನಾನು ಈಗಲೂ ಮೀನು ತಿನ್ನುತ್ತೇನೆ. ಅಪ್ಪನ ಕೆಲಸದ ಮೇಲೆ ಗೌರವ ಜಾಸ್ತಿಯೇ ಆಗಿದೆ. ಆದರೆ ಆ ಕಲ್ಲಿಗೆ ಹೋದರೆ ಇವತ್ತು ಅದು ಇದೆಯಾ ಅಂತ ನೋಡದೆ ಬರಲಿಕ್ಕೆ ಆಗುವುದಿಲ್ಲ.

ಕದ್ರಿ_ಗುಡ್ಡೆ

ನನ್ನ ಅನುಭವ ಬೇರೆ. ಅದನ್ನೂ ಹೇಳುತ್ತೇನೆ. ಪುನೀತ್ ರಾಜ್‌ಕುಮಾರ್ ಅವರು ನೇತ್ರಾಣಿಯಲ್ಲಿ ನೀರಿಗಿಳಿದ ದೃಶ್ಯ ನೋಡಿದ ಮೇಲೆ ತುಂಬಾ ಆಸೆ ಪಟ್ಟು ಹೋದವನು ನಾನು. ಐದು ಸಾವಿರದ ಹತ್ತಿರ ಖರ್ಚು. ಬೋಟಿನಲ್ಲಿ ಒಂದು ಗಂಟೆ ಮೇಲೆ ಹೊಯ್ದಾಟ, ಅರ್ಧ ಜನರಿಗೆ ವಾಂತಿ. ನನ್ನ ಸರದಿ ಬಂದಾಗ ಒಬ್ಬರು ಹಿಂದಿನಿಂದ ಸಿಲಿಂಡರ್ ಹಿಡಿದುಕೊಂಡು ಕೆಳಗೆ ಒಯ್ದರು. ಬೋರ್ಡ್ ಹಿಡಿಸಿ ಫೋಟೋ ತೆಗೆದರು, ವೀಡಿಯೋ ತೆಗೆದರು, ಮೇಲೆ ತಂದರು. ಕಿವಿ ನೋಯುತ್ತಿದೆ ಅಂತ ಸನ್ನೆ ಮಾಡಿದರೂ ಗಮನ ಕೊಡಲಿಲ್ಲ. ಸಂಸ್ಥೆಯ ಹೆಸರು ಬೇಡ.

ಮೀನು ಕಂಡೆ, ನಿಜ. ಆದರೆ ಇಷ್ಟೆಲ್ಲ ಜನ ಯಾಕೆ ಹುಚ್ಚಾಗುತ್ತಾರೆ ಅಂತ ನನಗೂ ತಿಳಿಯಲಿಲ್ಲ. ಅಮ್ಮನ ಪ್ರಶ್ನೆಗೆ ನನ್ನದೂ ಒಂದು ಸಹಿ.

ನೀಲಿ_ಫಿನ್

ಕದ್ರಿ ಅಣ್ಣ, ನಿಮಗೆ ಆದದ್ದು ಸರಿಯಲ್ಲ. ಕಿವಿ ನೋವು ಅಂತ ಸನ್ನೆ ಬಂದ ಕೂಡಲೇ ನಿಲ್ಲಿಸಬೇಕು, ಸ್ವಲ್ಪ ಮೇಲೆ ಬರಬೇಕು. ಅದರಲ್ಲಿ ಎರಡು ಮಾತಿಲ್ಲ. ನಾನು ಡೈವಿಂಗ್ ಕಲಿಸುವವನು, ಊರು ಉಡುಪಿ. ನೀವು ಮಾಡಿದ್ದಕ್ಕೂ ಅಮ್ಮನ ಮಗಳು ಮಾಡುತ್ತಿರುವುದಕ್ಕೂ ತುಂಬಾ ವ್ಯತ್ಯಾಸ ಉಂಟು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಮಾಡಿದ್ದು ಟ್ರೈ ಡೈವ್, ಕಲಿಯದೆ ಒಮ್ಮೆ ಇಳಿದು ನೋಡುವುದು. ಅದರಲ್ಲಿ ನಿಮ್ಮ ಕೆಲಸ ಉಸಿರಾಡುವುದು ಒಂದೇ. ಉಳಿದದ್ದೆಲ್ಲ ಬೇರೆಯವರ ಕೈಯಲ್ಲಿ. ಅದು 12 ಮೀಟರ್ ದಾಟುವಂತಿಲ್ಲ, ಸಾಮಾನ್ಯವಾಗಿ ಅಷ್ಟು ಕೂಡ ಹೋಗುವುದಿಲ್ಲ. ಓಪನ್ ವಾಟರ್ ಕೋರ್ಸ್ ಅಂದರೆ ಮೂರು ನಾಲ್ಕು ದಿನದ ಪಾಠ. ಮೊದಲು ಥಿಯರಿ. ಆಮೇಲೆ ಈಜುಕೊಳ. ಮಾಸ್ಕಿಗೆ ನೀರು ತುಂಬಿಸಿ ಮೂಗಿನಿಂದ ಗಾಳಿ ಬಿಟ್ಟು ಖಾಲಿ ಮಾಡುವುದು, ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರನ್ನು ತೆಗೆದು ಮತ್ತೆ ಹಾಕುವುದು, ಜೊತೆಗಾರನ ಗಾಳಿ ಹಂಚಿಕೊಂಡು ಮೇಲೆ ಬರುವುದು. ಇದೆಲ್ಲ ಕಲಿತ ಮೇಲೆ ಕಡಲಿನಲ್ಲಿ ನಾಲ್ಕು ಡೈವ್. ಪಾಸಾದರೆ 18 ಮೀಟರ್ ತನಕ, ಜೊತೆಗಾರನೊಂದಿಗೆ ಹೋಗಬಹುದು. ಇನ್ನೂ ಮುಂದೆ ಕಲಿತರೆ 30. ಹವ್ಯಾಸಕ್ಕೆ ಇಳಿಯುವವರಿಗೆ 40 ಕೊನೆ.

ಹುಚ್ಚು ಹಿಡಿಯುವ ಜಾಗ ಯಾವುದು ಅಂತ ನನಗೆ ಚೆನ್ನಾಗಿ ಗೊತ್ತು. ಹೊಸಬರು ಮೊದಲು ಕೈಕಾಲು ಬಡಿಯುತ್ತಾರೆ. ಮೇಲೆ ತೇಲಿ ಹೋಗುತ್ತಾರೆ, ಇಲ್ಲ ಅಡಿಗೆ ಕೂತು ಮರಳು ಎಬ್ಬಿಸುತ್ತಾರೆ. ಸೊಂಟಕ್ಕೆ ಸೀಸದ ತೂಕ, ಜಾಕೆಟ್ಟಿನಲ್ಲಿ ಸ್ವಲ್ಪ ಗಾಳಿ, ಎರಡೂ ಸರಿ ಹೊಂದಿದ ಮೇಲೆ ಉಳಿದದ್ದು ಅವರ ಶ್ವಾಸಕೋಶ ಮಾತ್ರ. ಉಸಿರು ಒಳಗೆ ಎಳೆದರೆ ಮೈ ಮೆಲ್ಲ ಒಂದು ಗೇಣು ಮೇಲೆ ಏಳುತ್ತದೆ. ಬಿಟ್ಟರೆ ಒಂದು ಗೇಣು ಇಳಿಯುತ್ತದೆ. ಕೂಡಲೇ ಅಲ್ಲ, ಒಂದು ಕ್ಷಣ ತಡೆದು. ಆ ತಡ ಎಷ್ಟು ಅಂತ ಮೈಗೆ ಗೊತ್ತಾದ ದಿನ ಅವರು ಕೈ ಅಲ್ಲಾಡಿಸುವುದನ್ನು ನಿಲ್ಲಿಸುತ್ತಾರೆ. ಕಲ್ಲಿನಿಂದ ಒಂದು ಮೊಳ ದೂರದಲ್ಲಿ, ಏನನ್ನೂ ಮುಟ್ಟದೆ, ಇದ್ದಲ್ಲೇ ಇರುತ್ತಾರೆ. ನಾನು ಎದುರಿಗೆ ಇರುತ್ತೇನೆ, ಮಾಸ್ಕಿನ ಒಳಗೆ ಕಣ್ಣು ಅಗಲ ಆಗುವುದು ಕಾಣುತ್ತದೆ. ಭೂಮಿ ಮೇಲೆ ಆ ಅನುಭವ ಯಾರಿಗೂ ಸಿಗುವುದಿಲ್ಲ. ಆಮೇಲೆ ಅವರನ್ನು ಬೇಡ ಅಂದರೂ ತಡೆಯಲಿಕ್ಕೆ ಆಗುವುದಿಲ್ಲ.

ಅದು ಸಿಗದೆ ಬಂದವರಿಗೆ ಡೈವಿಂಗ್ ಅಂದರೆ ಒಂದು ಫೋಟೋ. ತಪ್ಪು ಅವರದ್ದಲ್ಲ.

ಕಿವಿಡಾಕ್ಟ್ರು

ಅಮ್ಮ ಭಯ ಅಂದರಲ್ಲ, ಆ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಇಎನ್‌ಟಿ ವೈದ್ಯ, ನಾನೂ ಡೈವ್ ಮಾಡುತ್ತೇನೆ.

ಕಡಲಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟು. 20 ಮೀಟರಿಗೆ ಮೂರು ಪಟ್ಟು. ಒತ್ತಡ ಹೆಚ್ಚಿದ ಹಾಗೆ ಗಾಳಿ ಕುಗ್ಗುತ್ತದೆ. ಕಿವಿಯ ತಮಟೆಯ ಹಿಂದೆ ಇರುವ ಗಾಳಿಯೂ ಕುಗ್ಗುತ್ತದೆ, ತಮಟೆ ಒಳಗೆ ಬಾಗುತ್ತದೆ, ಅದೇ ನೋವು. ಮೂಗು ಹಿಡಿದು ಮೆಲ್ಲ ಊದಿದರೆ ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದು ಸರಿಯಾಗುತ್ತದೆ. ಒಂದೊಂದು ಮೀಟರಿಗೂ ಮಾಡಬೇಕು, ನೋವು ಬರುವ ಮೊದಲೇ ಮಾಡಬೇಕು. ಜೋರಾಗಿ ಊದಬಾರದು. ಶೀತ ಇದ್ದಾಗ ಆ ನಾಳ ಮುಚ್ಚಿರುತ್ತದೆ. ಆ ದಿನ ಡೈವ್ ಬೇಡವೇ ಬೇಡ, ಎಷ್ಟು ದುಡ್ಡು ಕೊಟ್ಟಿದ್ದರೂ ಸರಿ.

ಇನ್ನೊಂದು. ಪೇಪರಿನಲ್ಲಿ ಯಾವಾಗಲೂ ಆಮ್ಲಜನಕದ ಸಿಲಿಂಡರ್ ಅಂತ ಬರೆಯುತ್ತಾರೆ. ಅದರಲ್ಲಿರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ, ಒತ್ತಿ ತುಂಬಿಸಿದ್ದು. ಶುದ್ಧ ಆಮ್ಲಜನಕ ಉಸಿರಾಡಿಕೊಂಡು ಆಳಕ್ಕೆ ಹೋದರೆ ಫಿಟ್ಸ್ ಬರಬಹುದು. ಗಾಳಿಯಲ್ಲಿರುವ ಸಾರಜನಕ ಒತ್ತಡದಲ್ಲಿ ರಕ್ತಕ್ಕೆ, ಮಾಂಸಕ್ಕೆ ಕರಗಿ ಸೇರುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಅದು ಒಳಗೇ ಗುಳ್ಳೆ ಆಗುತ್ತದೆ. ಹಾಗಾಗಿ ನಿಧಾನ ಬರಬೇಕು, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ನಿಮ್ಮ ಮಗಳು ಬಳೆ ಬಿಟ್ಟು ತಂದ ಕಂಪ್ಯೂಟರ್ ಇದನ್ನೇ ಲೆಕ್ಕ ಇಡುವುದು: ಎಷ್ಟು ಆಳ, ಎಷ್ಟು ಹೊತ್ತು, ಇನ್ನು ಎಷ್ಟು ನಿಮಿಷ ಇರಬಹುದು, ಮೇಲೆ ಬರುವ ವೇಗ ಜಾಸ್ತಿ ಆಯಿತಾ. ಜೀವಕ್ಕೆ ಬೇಕಾದ ವಸ್ತುವನ್ನೇ ಮೊದಲು ತಂದಿದ್ದಾಳೆ. ಜಾಣ ಹುಡುಗಿ.

ಎಲ್ಲಕ್ಕಿಂತ ದೊಡ್ಡ ನಿಯಮ, ಉಸಿರು ಹಿಡಿಯಬಾರದು. 10 ಮೀಟರಿನಲ್ಲಿ ಪೂರ್ತಿ ಗಾಳಿ ತುಂಬಿದ ಶ್ವಾಸಕೋಶವನ್ನು ಮುಚ್ಚಿಕೊಂಡು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಹರಿದೇ ಹೋಗಬಹುದು. ನೀಲಿಫಿನ್ ಅವರು ಉಸಿರಿನ ಖುಷಿ ಹೇಳಿದರು. ಅದೇ ಉಸಿರನ್ನು ಹಗುರ ತೆಗೆದುಕೊಂಡರೆ ಹೀಗೂ ಆಗುತ್ತದೆ. ಎರಡನ್ನೂ ಒಟ್ಟಿಗೆ ತಿಳಿದಿರಬೇಕು.

ಸೋಮೇಶ್ವರ_ಪಚ್ಚಿಲೆ

ನಮ್ಮ ಕಾಲದಲ್ಲಿ ಕನ್ನಡಕವೂ ಇಲ್ಲ, ಸಿಲಿಂಡರೂ ಇಲ್ಲ. ಸೋಮೇಶ್ವರದ ಬಂಡೆಗಳಿಗೆ ಅಂಟಿದ ಪಚ್ಚಿಲೆ, ಅಂದರೆ ತಿನ್ನುವ ಚಿಪ್ಪು, ಕೀಳಲಿಕ್ಕೆ ಮುಳುಗುತ್ತಿದ್ದೆವು. ಅಲೆ ಹಿಂದೆ ಎಳೆಯುವ ಹೊತ್ತಿಗೆ ಇಳಿಯಬೇಕು, ಮುಂದೆ ತಳ್ಳುವಾಗ ಬಂಡೆಯಿಂದ ದೂರ ಇರಬೇಕು. ಮನೆಗೆ ಸಾಕಾಗುವಷ್ಟು ಸಿಕ್ಕಿದ ಮೇಲೂ ಇನ್ನೊಂದು ಸಲ, ಇನ್ನೊಂದು ಸಲ ಅಂತ ಮುಳುಗುತ್ತಿದ್ದೆವು. ಅಮ್ಮ ದಡದಿಂದ ಕೂಗುತ್ತಿದ್ದರು. ಪಚ್ಚಿಲೆ ಸಾಕು ಅಂತ ಗೊತ್ತಿತ್ತು. ಮೇಲೆ ಬರಲಿಕ್ಕೆ ಮನಸ್ಸಿರಲಿಲ್ಲ. ನಿಮ್ಮ ಮಗಳದ್ದೂ ಅದೇ ಇರಬೇಕು ತಾಯಿ.

ಕೈಸನ್ನೆ

ನಾನು ಅಣ್ಣನ ಬಗ್ಗೆ ಹೇಳಬೇಕು. ಅವನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮನೆಯಲ್ಲಿ ನಾವೆಲ್ಲ ಸನ್ನೆಯಲ್ಲೇ ಮಾತನಾಡುತ್ತೇವೆ. ಮದುವೆ ಮನೆಗೆ ಹೋದರೆ ಅವನು ಮೂಲೆಯಲ್ಲಿ ಕೂರುತ್ತಾನೆ. ಎಲ್ಲರೂ ನಗುತ್ತಿರುತ್ತಾರೆ, ಯಾಕೆ ಅಂತ ಅವನಿಗೆ ಯಾರಾದರೂ ಹೇಳಬೇಕು. ಹೇಳುವ ಹೊತ್ತಿಗೆ ಆ ನಗು ಮುಗಿದಿರುತ್ತದೆ.

ನಾವಿಬ್ಬರೂ ಒಟ್ಟಿಗೆ ಕೋರ್ಸ್ ಮಾಡಿದೆವು. ನೀರಿನ ಕೆಳಗೆ ಬಾಯಲ್ಲಿ ರೆಗ್ಯುಲೇಟರ್ ಇರುತ್ತದೆ, ಯಾರಿಗೂ ಮಾತು ಬರುವುದಿಲ್ಲ. ಉಳಿದವರಿಗೆ ಗೊತ್ತಿದ್ದದ್ದು ಹತ್ತಿಪ್ಪತ್ತು ಸನ್ನೆ. ಸರಿ ಇದೆ, ಮೇಲೆ ಹೋಗುವ, ಗಾಳಿ ಕಮ್ಮಿ ಇದೆ, ಅಲ್ಲಿ ನೋಡು. ಅಣ್ಣ ಮತ್ತು ನಾನು ಪೂರ್ತಿ ಹರಟೆ ಹೊಡೆಯುತ್ತಿದ್ದೆವು. "ಆ ಹಾವು ಮೀನಿನ ಬಾಯಿ ನೋಡು, ನಮ್ಮ ದೊಡ್ಡಪ್ಪ ಸಿಟ್ಟಲ್ಲಿದ್ದ ಹಾಗಿಲ್ವಾ" ಅಂತ ಅವನು ಸನ್ನೆ ಮಾಡಿದಾಗ ನಾನು ನಕ್ಕು ಮಾಸ್ಕಿಗೆ ನೀರು ಹೋಯಿತು. ಬೋಟಿಗೆ ಬಂದ ಮೇಲೆ ಉಳಿದವರೆಲ್ಲ ಅವನ ಸುತ್ತ ಕೂತರು. ನೀವು ಅಲ್ಲಿ ಏನು ಮಾತನಾಡಿದಿರಿ, ನಮಗೂ ಕಲಿಸಿ ಅಂತ. ವಾಪಸು ಬರುವಾಗ ದಾರಿ ಪೂರ್ತಿ ಅವನು ಕಲಿಸಿದ, ಅವರು ಕಲಿತರು.

ಜಾಗ್ರತೆಯ ಮಾತೂ ಒಂದುಂಟು. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಬರುತ್ತದೆ. ನಮಗೆ ಬೋಟಿನ ಇಂಜಿನ್ ಕೇಳಿದರೂ ಯಾವ ದಿಕ್ಕು ಅಂತ ತಿಳಿಯುವುದಿಲ್ಲ. ಅವನಿಗೆ ಕೇಳುವುದೇ ಇಲ್ಲ. ಮೇಲೆ ಬರುವಾಗ ನಾನು ಅವನ ಪಕ್ಕ ಬಿಡುವುದಿಲ್ಲ.

ಕಿವಿಡಾಕ್ಟ್ರು

ಕೈಸನ್ನೆ ಅವರೇ, ಅಣ್ಣನಿಗೆ ನನ್ನ ನಮಸ್ಕಾರ ತಿಳಿಸಿ. ಕೇಳದ ಕಿವಿಗೂ ಒತ್ತಡ ಅಷ್ಟೇ ಇರುತ್ತದೆ. ವರ್ಷಕ್ಕೊಮ್ಮೆ ತೋರಿಸಿಕೊಳ್ಳಲಿ.

ಹಳೆಬಂದರು_ಮಾಮ

ಎಲ್ಲ ಓದಿದೆ ಮಕ್ಕಳೇ. ಸಂತೋಷ. ಆದರೆ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಕಡಲಿನಲ್ಲಿ ಮನೆಯವರನ್ನು ಕಳೆದುಕೊಂಡವರು ನಮ್ಮ ನಡುವೆ ತುಂಬಾ ಜನ ಇದ್ದಾರೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಜನರೊಂದಿಗೆ ಕಾಣೆಯಾಯಿತು. ತಿಂಗಳುಗಟ್ಟಲೆ ಬಾಗಿಲು ನೋಡುತ್ತಾ ಕೂತ ಮನೆಗಳು ನನಗೆ ಗೊತ್ತು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗಿನವರು ಮಹಾರಾಷ್ಟ್ರದ ಮಾಲ್ವಣ್ ಕಡೆಯ ಕಡಲಡಿಯಲ್ಲಿ ಅದರ ಅವಶೇಷ ಹುಡುಕಿದರು. ಅಷ್ಟು ದಿನ ಆ ಮನೆಯವರು, ಹೋದರು ಅಂತ ನಂಬಲಿಕ್ಕೂ ಆಗದೆ, ಇದ್ದಾರೆ ಅಂತ ಹೇಳಲಿಕ್ಕೂ ಆಗದೆ ಇದ್ದರು.

2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಮ್ಮ ಮಲ್ಪೆಯ ಮುಳುಗುಗಾರ ಈಶ್ವರ್ ಅವರು ಗಂಗಾವಳಿ ನದಿಗೆ ಇಳಿದರು. ಮಳೆಗಾಲದ ಕೆಂಪು ನೀರು, ಸೆಳೆತ, ಕೈ ಮುಂದೆ ಹಿಡಿದರೆ ಕಾಣದು. ಅವರು ಅಲ್ಲಿ ನೋಡಲಿಕ್ಕೆ ಹೋದದ್ದಲ್ಲ, ಕಾಣೆಯಾದವರನ್ನು ಹುಡುಕಲಿಕ್ಕೆ ಹೋದದ್ದು.

ನೀವು ಆಟಕ್ಕೆ ಹೋಗುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಬರೀ ಮಜಾ ಅಂತ ಕರೆಯಬೇಡಿ. ಕೇಳುವವರಲ್ಲಿ ಯಾರ ಮನೆಯವರಿದ್ದಾರೋ ಗೊತ್ತಿರುವುದಿಲ್ಲ.

ಪಡುಕೆರೆ_ತಮ್ಮ

ಮಾಮ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆ ಏಳು ಜನರಲ್ಲಿ ಒಬ್ಬರ ಮನೆ ನಮ್ಮ ಮನೆಯಿಂದ ದೂರ ಇಲ್ಲ. ನಾನು ರೆಸ್ಕ್ಯೂ ಡೈವರ್ ಕೋರ್ಸ್ ಮಾಡಿದ್ದೇ ಆಮೇಲೆ. ಮೂರ್ಛೆ ಹೋದವರನ್ನು ಕೆಳಗಿನಿಂದ ಮೇಲೆ ತರುವುದು, ನೀರಿನ ಮೇಲೇ ಉಸಿರು ಕೊಡುವುದು, ಕಳೆದುಹೋದ ಡೈವರನ್ನು ಕ್ರಮವಾಗಿ ಹುಡುಕುವುದು, ಇದೆಲ್ಲ ಕಲಿಸುತ್ತಾರೆ. ಈಶ್ವರಣ್ಣನಷ್ಟು ಧೈರ್ಯ ನನಗಿಲ್ಲ. ಆದರೆ ಬಂದರಿನಲ್ಲಿ ಯಾರಾದರೂ ಬಿದ್ದರು ಅಂತ ಕೂಗು ಕೇಳಿದರೆ ನಾನು ದಡದಲ್ಲಿ ನಿಲ್ಲುವವನಾಗಿ ಉಳಿಯಬಾರದು.

ಹಳೆಬಂದರು_ಮಾಮ

ಇದು ಗೊತ್ತಿರಲಿಲ್ಲ ಮಗಾ. ಒಳ್ಳೆಯದಾಗಲಿ. ಅಪ್ಪನನ್ನು ಕೇಳಿದೆ ಅಂತ ಹೇಳು.

ಬೈಂದೂರು_ಬದಿ

ಅಮ್ಮ ಕೇಳಿದ ಮೂಲ ಪ್ರಶ್ನೆಗೆ, ಅದೇ ಕಲ್ಲಿಗೆ ಮತ್ತೆ ಯಾಕೆ ಅನ್ನುವುದಕ್ಕೆ, ನನ್ನಲ್ಲಿ ಉತ್ತರ ಉಂಟು. ನಾನು ಪ್ರತಿ ಸೀಸನ್ನಿನಲ್ಲಿ ನೇತ್ರಾಣಿಗೆ ಹೋಗುವವಳು. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್. ಜೂನ್‌ನಿಂದ ಸೆಪ್ಟೆಂಬರ್ ತನಕ ಬೋಟ್ ಹೋಗುವುದಿಲ್ಲ. ನೀರು ತಿಳಿ ಇರುವುದು ನವೆಂಬರ್‌ನಿಂದ ಫೆಬ್ರವರಿ, ಒಳ್ಳೆಯ ದಿನ 15 ಮೀಟರ್ ದೂರ ಕಾಣುತ್ತದೆ. ದ್ವೀಪದ ಮೇಲೆ ನಮ್ಮನ್ನು ಇಳಿಸುವುದಿಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದು ಮೇಲೆ ಸುತ್ತುತ್ತಿರುತ್ತದೆ, ಅದರ ಗೂಡು ಅಲ್ಲೇ.

ನಾನು ಹೋಗುವ ಒಂದು ಬಂಡೆ ಉಂಟು. ಅದರ ಪಕ್ಕದಲ್ಲಿ ಬೆರಳುದ್ದದ ಒಂದು ಮೀನು. ನೀಲಿ ಮೈ, ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟೆ. ಕ್ಲೀನರ್ ರಾಸ್ ಅನ್ನುತ್ತಾರೆ. ಬೇರೆ ಮೀನುಗಳ ಮೈಮೇಲಿನ ಹೇನಿನಂಥ ಹುಳ, ಸತ್ತ ಚರ್ಮ ತಿಂದು ಬದುಕುವುದು. ಅದು ಬಂಡೆ ಬಿಟ್ಟು ಹೋಗುವುದಿಲ್ಲ. ಗಿರಾಕಿಗಳು ಅದರ ಹತ್ತಿರ ಬರುತ್ತಾರೆ. ಪಡುಕೆರೆ ತಮ್ಮ ಹೇಳಿದ ಮುರು ಮೀನು ಬಂದು ನೀರಿನಲ್ಲಿ ಅಲ್ಲಾಡದೆ ನಿಲ್ಲುತ್ತದೆ. ಬಾಯಿ ಪೂರ್ತಿ ತೆರೆಯುತ್ತದೆ. ಕಿವಿರು ಅಗಲ ಮಾಡುತ್ತದೆ. ಈ ಬೆರಳುದ್ದದ್ದು ಬಾಯಿಯೊಳಗೆ ಹೋಗಿ ಹಲ್ಲು ಹಲ್ಲಿನ ಸಂದಿ ಹೆಕ್ಕಿ, ಕಿವಿರಿನಿಂದ ಹೊರಗೆ ಬರುತ್ತದೆ. ಮುರು ಮುಚ್ಚಿದರೆ ಮುಗಿಯಿತು, ಆದರೆ ಮುಚ್ಚುವುದಿಲ್ಲ. ಹಿಂದೆ ಇನ್ನೂ ಎರಡು ಮೂರು ಮೀನು ಸರದಿ ಕಾಯುತ್ತಿರುತ್ತವೆ. ಒಮ್ಮೊಮ್ಮೆ ಈ ಚಿಕ್ಕದು ಹುಳ ಬಿಟ್ಟು ಮೈಮೇಲಿನ ಲೋಳೆ ಕಚ್ಚುತ್ತದೆ, ಅದಕ್ಕೆ ಅದೇ ರುಚಿ ಜಾಸ್ತಿ. ಆಗ ದೊಡ್ಡ ಮೀನು ಒಮ್ಮೆ ಮೈ ಕೊಡವುತ್ತದೆ. ಚಿಕ್ಕದು ಕೂಡಲೇ ಅದರ ಬೆನ್ನು ಸವರಿ ಸಮಾಧಾನ ಮಾಡುತ್ತದೆ. ಈ ಬೆನ್ನು ಸವರುವುದನ್ನು ವಿಜ್ಞಾನಿಗಳೂ ಗಮನಿಸಿ ಬರೆದಿದ್ದಾರೆ.

ಇದೇ ಬಣ್ಣ, ಇದೇ ಕುಣಿತ ಕಲಿತ ಇನ್ನೊಂದು ಮೀನೂ ಇದೆ, ಬ್ಲೆನಿ ಜಾತಿಯದ್ದು. ಕ್ಲೀನರ್ ಅಂತ ನಂಬಿ ಬಂದವರ ಈಜುರೆಕ್ಕೆ ಕಚ್ಚಿ ಓಡುತ್ತದೆ. ಎರಡನ್ನೂ ಬೇರೆ ಮಾಡಿ ಗುರುತಿಸಲಿಕ್ಕೆ ಬಾಯಿ ನೋಡಬೇಕು. ಮೋಸಗಾರನ ಬಾಯಿ ಕೆಳಗೆ ಇರುತ್ತದೆ. ಇನ್ನೂ ಒಂದು ಹೇಳುತ್ತೇನೆ. ಕ್ಲೀನರ್ ರಾಸ್‌ಗಳು ಎಲ್ಲವೂ ಹೆಣ್ಣಾಗಿ ಶುರು ಆಗುತ್ತವೆ. ಒಂದು ಗಂಡಿನ ಸುತ್ತ ಕೆಲವು ಹೆಣ್ಣು. ಗಂಡು ಸತ್ತರೆ ಹೆಣ್ಣುಗಳಲ್ಲಿ ದೊಡ್ಡದು ಗಂಡಾಗುತ್ತದೆ. ಹೋದ ಸೀಸನ್ನಿನಲ್ಲಿ ನಾನು ನೋಡಿದ ಗುಂಪಿನಲ್ಲಿ ಈಗ ಯಾರು ಯಜಮಾನ ಅಂತ ತಿಳಿಯಬೇಕಾದರೆ ನಾನು ಹೋಗಲೇಬೇಕಲ್ಲ?

ಮೊದಲ ಸಲ ಹೋದಾಗ ಇದು ಯಾವುದೂ ಕಾಣಲಿಲ್ಲ. ಬಂಡೆ ಕಂಡಿತು, ಬಣ್ಣ ಬಣ್ಣದ ಮೀನು ಕಂಡಿತು. ಅದೂ ಅರ್ಧ ಬಣ್ಣ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬೆಳಕನ್ನು ನೀರು ನುಂಗುತ್ತದೆ, ಕೆಂಪು ಎಲ್ಲ ಬೂದಿ ಬಣ್ಣ ಆಗುತ್ತದೆ. ಟಾರ್ಚ್ ಹಾಕಿ ನೋಡುವುದು ಆಮೇಲೆ ಕಲಿತದ್ದು. ಹಾಕಿದ ಕೂಡಲೇ ಬೂದಿ ಕಲ್ಲು ಅಂದುಕೊಂಡದ್ದು ಕೆಂಪು, ಕೇಸರಿ ಸ್ಪಂಜು. ಹೊಸ ಜಾಗಕ್ಕೆ ಹೋದರೆ ಹೊಸತು ಕಾಣುತ್ತದೆ, ನಿಜ. ಅದೇ ಜಾಗಕ್ಕೆ ಹೋದರೆ ಯಾರು ಏನು ಮಾಡುತ್ತಿದ್ದಾರೆ ಅಂತ ಕಾಣುತ್ತದೆ. ನನಗೆ ಎರಡನೆಯದು ಬೇಕು. ನಿಮ್ಮ ಮಗಳಿಗೂ ಅದೇ ರುಚಿ ಹತ್ತಿರಬೇಕು, ಇಲ್ಲದಿದ್ದರೆ ಅಂಡಮಾನ್ ನೋಡಿದವಳು ನೇತ್ರಾಣಿಗೆ ಮತ್ತೆ ಬರುತ್ತಿರಲಿಲ್ಲ.

ಕದ್ರಿ_ಗುಡ್ಡೆ

ಬೈಂದೂರು ಅಕ್ಕ, ಇದನ್ನು ಓದಿ ನನಗೆ ನಿಜವಾಗಿ ಬೇಸರ ಆಯಿತು. ನಾನು ಹೋದಾಗ ಇದೆಲ್ಲ ಅಲ್ಲೇ ಇತ್ತು, ಯಾರೂ ಬೆರಳು ತೋರಿಸಲಿಲ್ಲ.

ಬೈಂದೂರು_ಬದಿ

ಈಗಲೂ ಅಲ್ಲೇ ಇದೆ ಅಣ್ಣ. ಎಷ್ಟು ದಿನ ಇರುತ್ತದೆ ಅನ್ನುವುದೇ ನನ್ನ ಚಿಂತೆ. ಹಿಂದೆ ನೌಕಾಪಡೆಯವರು ಆ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದರು. ನೀರಿನ ಕೆಳಗೆ ಹಳೆಯ ಶೆಲ್ಲುಗಳನ್ನು ನೋಡಿದವರು ಹೇಳುತ್ತಾರೆ. ಈಗಿನ ತೊಂದರೆ ಬೇರೆ. ಹರಿದ ಬಲೆ ಬಂಡೆಗೆ ಸುತ್ತಿಕೊಂಡರೆ ವರ್ಷಗಟ್ಟಲೆ ಮೀನು ಹಿಡಿಯುತ್ತಲೇ ಇರುತ್ತದೆ, ತಿನ್ನುವವರು ಯಾರೂ ಇಲ್ಲ. ಬೋಟಿನ ಆಂಕರ್ ಹವಳದ ಮೇಲೆ ಬೀಳುತ್ತದೆ. ಫೋಟೋಕ್ಕೆ ನಿಲ್ಲಿಸಲು ಜನರನ್ನು ಹವಳದ ಮೇಲೆ ಮಂಡಿ ಊರಿಸುತ್ತಾರೆ. ಗಟ್ಟಿ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಇದೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. 2024ರಲ್ಲಿ ನೀರು ಬಿಸಿಯಾಗಿ ಲಕ್ಷದ್ವೀಪದಲ್ಲಿ ಹವಳ ಬೆಳ್ಳಗಾದ ಸುದ್ದಿ ಓದಿರುತ್ತೀರಿ. ಬಿಸಿಯನ್ನು ನಾವು ತಡೆಯಲಾರೆವು. ಮಂಡಿ ಊರದೆ ಇರಬಹುದಲ್ಲ.

ಹುಚ್ಚು ಇರುವವರು ಬೇಕು ಅಂತ ನಾನು ಹೇಳುವುದು ಇದಕ್ಕೇ. ಬಲೆ ಸಿಕ್ಕಿದ್ದನ್ನು ಮೊದಲು ನೋಡುವವರು, ಕತ್ತರಿಸಿ ತರುವವರು ಅವರೇ.

ನೀಲಿ_ಫಿನ್

ಅಕ್ಕ ಹೇಳಿದ್ದು ಸರಿ. ಒಂದು ಮಾತ್ರ ಸೇರಿಸುತ್ತೇನೆ. ಬಲೆ ಕತ್ತರಿಸಲಿಕ್ಕೆ ಹೊಸಬರು ಕೈ ಹಾಕಬಾರದು. ಸಿಕ್ಕಿಬಿದ್ದರೆ ಅಪಾಯ. ಜಾಗ ಗುರುತು ಮಾಡಿ ಬಂದು ಹೇಳಿ, ಸಾಕು.

ಮಣ್ಣಗುಡ್ಡೆ_ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬರೆಯುತ್ತೀರಿ ಅಂತ ಎಣಿಸಿರಲಿಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಮಗಳ ಹತ್ತಿರ ಬೈಂದೂರಿನವರು ಬರೆದದ್ದನ್ನು ಓದಿ ಹೇಳಿದೆ. ಅವಳು ಎದ್ದು ಹೋಗಿ ಲಾಗ್ ಬುಕ್ ತಂದಳು. ಪ್ರತಿ ಡೈವಿನ ಆಳ, ಹೊತ್ತು, ನೀರಿನ ಬಿಸಿ, ಕಂಡದ್ದು, ಎಲ್ಲ ಬರೆದಿದ್ದಾಳೆ. ಒಂದು ಪುಟದಲ್ಲಿ ಒಂದು ಹಾವು ಮೀನಿನ ಚಿತ್ರ ಬಿಡಿಸಿದ್ದಾಳೆ, ಬಿಲದ ಗುರುತು ಸಮೇತ. ಚಿತ್ರ ಬಿಡಿಸುವುದನ್ನು ಅವಳು ಹೈಸ್ಕೂಲಿನಲ್ಲಿ ಬಿಟ್ಟಿದ್ದಳು. ಮತ್ತೆ ಶುರು ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ. ಹನ್ನೊಂದು ಗಂಟೆಯ ತನಕ ಪುಟ ಪುಟ ತೋರಿಸಿದಳು.

ಡಾಕ್ಟ್ರೇ, ಭಯ ಪೂರ್ತಿ ಹೋಗಿಲ್ಲ. ಆದರೆ ಯಾವುದಕ್ಕೆ ಹೆದರಬೇಕು ಅಂತ ಈಗ ಗೊತ್ತು. ಶೀತ ಇದ್ದ ದಿನ ಹೋಗಲಿಕ್ಕೆ ಬಿಡುವುದಿಲ್ಲ.

ಇನ್ನೊಂದು ಕೇಳಬೇಕು. "ಅಮ್ಮ ನೀನೂ ಬಾ" ಅನ್ನುತ್ತಿದ್ದಾಳೆ. ನನಗೆ ಐವತ್ತು ದಾಟಿದೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಈಜು ಬರುವುದಿಲ್ಲ. ನೀರಿಗೆ ಇಳಿಯಬಹುದಾ, ಇಲ್ಲ ಬೋಟಿನಲ್ಲಿ ಕೂತು ಬಂದರೆ ಸಾಕಾ?

ಕಿವಿಡಾಕ್ಟ್ರು

ವಯಸ್ಸು ಅಡ್ಡಿಯಲ್ಲ ಅಮ್ಮ. ಬಿಪಿ ಹತೋಟಿಯಲ್ಲಿ ಇದೆಯಾ, ಹೃದಯ ಸರಿ ಇದೆಯಾ ಅಂತ ನಿಮ್ಮ ಡಾಕ್ಟರ್ ನೋಡಿ ಬರೆದು ಕೊಡಬೇಕು. ಮಾತ್ರೆಯ ಹೆಸರು ಅವರಿಗೆ ಹೇಳಿ, ಕೆಲವು ಮಾತ್ರೆ ನಾಡಿ ಬಡಿತವನ್ನು ಕಮ್ಮಿ ಮಾಡುತ್ತವೆ. ಡೈವಿಗೆ ಮೊದಲು ಆರೋಗ್ಯದ ಫಾರ್ಮ್ ಕೊಡುತ್ತಾರೆ. ಅದರಲ್ಲಿ ಬಿಪಿ ಇಲ್ಲ ಅಂತ ಟಿಕ್ ಮಾಡಬೇಡಿ. ಇದ್ದದ್ದು ಇದ್ದ ಹಾಗೆ ಬರೆಯಿರಿ.

ನೀಲಿ_ಫಿನ್

ಟ್ರೈ ಡೈವಿಗೆ ಈಜು ಬರಬೇಕು ಅಂತಿಲ್ಲ. ಆದರೆ ನನ್ನ ಅಮ್ಮ ಆಗಿದ್ದರೆ ನಾನು ಮೊದಲು ಈಜುಕೊಳದಲ್ಲಿ, ಸೊಂಟದಷ್ಟು ನೀರಿನಲ್ಲಿ ಮಾಸ್ಕ್ ಹಾಕಿ ಬಾಯಲ್ಲಿ ಉಸಿರಾಡುವುದನ್ನು ಅಭ್ಯಾಸ ಮಾಡಿಸುತ್ತಿದ್ದೆ. ಮೂಗು ಮುಚ್ಚಿದಾಗ ಗಾಬರಿ ಆಗುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ. ಆಗದಿದ್ದರೆ ಕಡಲಿಗೆ ಬನ್ನಿ. ಬುಕ್ ಮಾಡುವಾಗ ಎರಡು ಪ್ರಶ್ನೆ ಕೇಳಿ: ನನಗೇ ಅಂತ ಒಬ್ಬರು ಇನ್‌ಸ್ಟ್ರಕ್ಟರ್ ಇರುತ್ತಾರಾ, ಬೋಟಿನಲ್ಲಿ ತುರ್ತಿಗೆ ಆಮ್ಲಜನಕದ ಕಿಟ್ ಇದೆಯಾ. ತಡವರಿಸಿದರೆ ಬೇರೆ ಕಡೆ ನೋಡಿ. ಕಿವಿ ಸನ್ನೆ ಮಾಡಿದರೆ ಮೇಲೆ ತರುವುದಾಗಿ ಮೊದಲೇ ಬಾಯಿ ಬಿಟ್ಟು ಹೇಳಿಸಿಕೊಳ್ಳಿ.

ಕದ್ರಿ ಅಣ್ಣ, ನೀವೂ ಒಮ್ಮೆ ಈಜುಕೊಳಕ್ಕೆ ಬನ್ನಿ. ಖರ್ಚು ಬೇಡ. ಇದ್ದಲ್ಲೇ ನಿಲ್ಲುವುದು ಹೇಗೆ ಅಂತ ತೋರಿಸುತ್ತೇನೆ.

ಕದ್ರಿ_ಗುಡ್ಡೆ

ಬರುತ್ತೇನೆ. ಮಾತು ಕೊಟ್ಟ ಹಾಗೆ ಆಯಿತು.

ಬೈಂದೂರು_ಬದಿ

ಅಮ್ಮ, ಡಿಸೆಂಬರ್ ಅಥವಾ ಜನವರಿಯಲ್ಲಿ ಬನ್ನಿ, ಕಡಲು ಸಮಾಧಾನದಲ್ಲಿ ಇರುತ್ತದೆ. ಬೆಳಗ್ಗಿನ ಮೊದಲ ಬೋಟ್ ಹಿಡಿಯಿರಿ, ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ. ವಾಂತಿ ಮಾತ್ರೆಯನ್ನು ಡಾಕ್ಟ್ರನ್ನು ಕೇಳಿ ಹೊರಡುವ ಒಂದು ಗಂಟೆ ಮೊದಲೇ ನುಂಗಿ, ಬೋಟ್ ಹತ್ತಿದ ಮೇಲೆ ತಗೊಂಡು ಪ್ರಯೋಜನ ಇಲ್ಲ. ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿ ಸಾಕು. ಇಂಜಿನ್ ಹತ್ತಿರ ಕೂರಬೇಡಿ, ಹೊಗೆ ಬರುತ್ತದೆ. ಬೋಟಿನ ನಡುವೆ ಕೂತು ದೂರಕ್ಕೆ ನೋಡುತ್ತಾ ಇರಿ. ಮಗಳ ಲಾಗ್ ಬುಕ್ ತರಲಿಕ್ಕೆ ಹೇಳಿ, ಆ ಹಾವು ಮೀನಿನ ಬಿಲ ಯಾವ ಬದಿಯಲ್ಲಿದೆ ಅಂತ ನನಗೂ ನೋಡಬೇಕು.